ಮುಖ ತೊಳೆದುಕೊಂಡು ಬಂದವರು

ಚರ್ಮದ ಫೋಟೋ ತೆಗೆಸಿಕೊಳ್ಳಲು ಬರುವವರೆಲ್ಲ ಮುಖ ತೊಳೆದುಕೊಂಡೇ ಬರುತ್ತಾರೆ. ಮೊಣಕೈ ಸಾಕು ಎಂದು ಮೊದಲೇ ಹೇಳಿರುತ್ತೇನೆ. ಆದರೂ ತೊಳೆಯುತ್ತಾರೆ, ತಲೆ ಬಾಚುತ್ತಾರೆ, ಕೆಲವರು ಅಂಗಡಿಗೆ ಹೋಗಿ ಗಡ್ಡ ಮಾಡಿಸಿಕೊಂಡೂ ಬರುತ್ತಾರೆ. ನಾನು ಮೊಣಕೈಯ ಚಿತ್ರ ತೆಗೆಯುತ್ತೇನೆ. ಅವರು ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾರೆ. ಈ ಕೆಲಸಕ್ಕೆ ಸೇರಿದಾಗಿನಿಂದ ಹೀಗೇ. ಊರು ಬದಲಾಗುತ್ತದೆ, ಮೊಣಕೈ ಬದಲಾಗುತ್ತದೆ, ಮುಖ ತೊಳೆಯುವುದು ಮಾತ್ರ ನಿಲ್ಲುವುದಿಲ್ಲ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನು ಬಿ.ಎಸ್ಸಿ. ಓದಿದವನು. ಬೆಂಗಳೂರಿನ ಒಂದು ಚಿಕ್ಕ ಕಂಪನಿ ಕಂಪ್ಯೂಟರಿಗೆ ಚರ್ಮವನ್ನು ಗುರುತಿಸುವುದು ಕಲಿಸುತ್ತಿದೆ. ಅದಕ್ಕೆ ಬಗೆಬಗೆಯ ಚರ್ಮದ ಚಿತ್ರಗಳು ಬೇಕು. ಬಿಸಿಲಿನಲ್ಲಿ ಒಣಗಿದ್ದು, ನೀರಿನಲ್ಲಿ ನೆನೆದದ್ದು, ಎಳೆಯದು, ಸುಕ್ಕಾದದ್ದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿವೆ. ಕಾಯಿಲೆ ಪತ್ತೆ ಮಾಡುವುದು, ಔಷಧ ಹೇಳುವುದು ನನ್ನ ಕೆಲಸವಲ್ಲ, ನನಗೆ ಬರುವುದೂ ಇಲ್ಲ. ಒಪ್ಪಿಗೆ ಕೇಳುತ್ತೇನೆ, ಚಿತ್ರ ತೆಗೆಯುತ್ತೇನೆ, ಬರುತ್ತೇನೆ.

ಫೋನಿಗೆ ಸಿಕ್ಕಿಸುವ ಒಂದು ಪುಟ್ಟ ಲೆನ್ಸ್ ಕೊಟ್ಟಿದ್ದಾರೆ. ಎರಡು ಬೆರಳಿನಷ್ಟು ದೂರದಲ್ಲಿ ಇರುವುದನ್ನು ಅದು ರೋಮದ ಬುಡದ ಸಮೇತ ತೋರಿಸುತ್ತದೆ. ಅದರಾಚೆ ಇರುವುದೆಲ್ಲ ಮಸುಕು. ಮುಖ ತೆಗೆಯಬಾರದು ಎಂಬುದು ಕಂಪನಿಯ ನಿಯಮ. ಆ ನಿಯಮ ಪಾಲಿಸಿ ಪಾಲಿಸಿ ನನಗೆ ಮುಖ ನೋಡುವ ಅಭ್ಯಾಸವೇ ತಪ್ಪಿಹೋಯಿತು.

ಇದರಿಂದ ನಗುವಂಥದ್ದು ಬಹಳ ನಡೆದಿದೆ. ಆಗಬೇಕಿದ್ದ ಒಂದು ಮದುವೆ ತಪ್ಪಿಹೋದದ್ದೂ ಇದರಿಂದಲೇ. ಎರಡನ್ನೂ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಮರ ಅಡ್ಡ

ದೇವನಹಳ್ಳಿ ಕಡೆ, ನಲ್ಲೂರಿನ ಹುಣಸೆ ತೋಪಿಗೆ ಹತ್ತಿರದ ಒಂದು ಮನೆ. ಅಜ್ಜಿಯ ಮೊಣಕೈ ತೆಗೆಯಬೇಕಿತ್ತು. ಅಜ್ಜಿ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ರೇಷ್ಮೆ ಸೀರೆ, ತಲೆಗೆ ಕನಕಾಂಬರ, ಮುಖದ ತುಂಬ ಪೌಡರ್.

"ಅಜ್ಜಿ, ಬರೀ ಮೊಣಕೈ ಸಾಕು ಅಂದಿದ್ದೆ."

"ಗೊತ್ತು ಕಣಪ್ಪಾ. ಅದಕ್ಕೇ ಅದಕ್ಕೂ ಪೌಡರ್ ಹಾಕಿದೀನಿ."

ಹೌದು, ಮೊಣಕೈ ಬೆಳ್ಳಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಜ್ಜಿಗೆ ಅದು ಹಿಡಿಸಲಿಲ್ಲ. "ಬಿಡ್ತು ಅನ್ನು, ಕಪ್ಪಗೆ ಕಾಣ್ತೀನಿ" ಎಂದು ಎರಡು ಸಲ ಕೈ ಎಳೆದುಕೊಂಡರು. ಕೊನೆಗೂ ಚಿತ್ರ ಚೆನ್ನಾಗಿ ಬಂತು. ಸುಕ್ಕಿನ ಮೇಲೆ ಸುಕ್ಕು, ನಡುವೆ ಆಳವಾದ ಗೆರೆಗಳು, ಅಂಚಿನಲ್ಲಿ ಸಣ್ಣ ಸಣ್ಣ ಚಕ್ಕೆ. ಪರದೆಯ ತುಂಬ ಅದೇ.

ಅಜ್ಜಿ ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಸೊಸೆಯನ್ನು ಕೂಗಿದರು.

"ನೋಡೇ, ಏನಿದು?"

ಸೊಸೆ ಬಗ್ಗಿ ನೋಡಿ, "ನಮ್ಮ ತೋಪಿನ ಹುಣಸೆ ಮರ ಅಲ್ವಾ ಅತ್ತೆ? ಬುಡದಲ್ಲಿ ತೆಗೆದಿದಾರೆ" ಎಂದರು.

ಅಜ್ಜಿ ನನ್ನ ಬೆನ್ನು ಸವರಿದರು. ಕೆಲಸ ಬಾರದವನನ್ನು ಸಮಾಧಾನ ಮಾಡುವ ದನಿ.

"ಬೇಜಾರು ಮಾಡ್ಕೋಬೇಡ ಮಗ. ಮರ ಅಡ್ಡ ಬಂದ್ಬಿಟ್ಟಿದೆ. ನಾನು ಅದರ ಹಿಂದೆ ನಿಂತಿರ್ಬೇಕು. ಸ್ವಲ್ಪ ಈ ಕಡೆ ಬಂದು ಇನ್ನೊಂದು ತೆಗಿ."

ನಾನು ಇನ್ನೊಂದು ತೆಗೆದೆ. ಮೊಣಕೈಯದೇ. ಲೆನ್ಸ್ ಕಳಚಿ ಆ ರೇಷ್ಮೆ ಸೀರೆಯ, ಕನಕಾಂಬರದ ಚಿತ್ರವೊಂದನ್ನು ಅವರಿಗಾಗಿಯೇ ತೆಗೆದುಕೊಡಬಹುದಿತ್ತು. ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಮಗ್ಗ ನಿಂತಿತು

ನಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಲ್ಲದ ಬೀದಿ ಕಡಿಮೆ. ಕರೆಂಟ್ ಮಗ್ಗ ಓಡುತ್ತಿದ್ದರೆ ನೆಲ ನಡುಗುತ್ತದೆ, ಗೋಡೆ ನಡುಗುತ್ತದೆ, ಅಂಗೈಯೂ ನಡುಗುತ್ತದೆ. ನನ್ನ ಲೆನ್ಸಿಗೆ ಅಷ್ಟು ನಡುಕವಿದ್ದರೆ ಏನೂ ಕಾಣುವುದಿಲ್ಲ.

ಮಗ್ಗದ ಯಜಮಾನರೊಬ್ಬರ ಅಂಗೈ ತೆಗೆಯಲು ಹೋಗಿದ್ದೆ. ಅವರು ತಮ್ಮ ಮಗ್ಗಗಳನ್ನು ನಿಲ್ಲಿಸಿದರು. ಪಕ್ಕದ ಮನೆಯದು ಓಡುತ್ತಿತ್ತು, ನಡುಕ ಹೋಗಲಿಲ್ಲ. ಕಿಟಕಿಯಿಂದ ಕೂಗಿದರು. ಅದೂ ನಿಂತಿತು. ಎದುರು ಮನೆಯವರು, ಇವರೆಲ್ಲ ಯಾಕೆ ನಿಲ್ಲಿಸಿದರೋ ಎಂದು ತಮ್ಮದನ್ನೂ ನಿಲ್ಲಿಸಿದರು. ಬೀದಿ ಗಪ್ ಚಿಪ್.

"ಸ್ಮೈಲ್ ಮಾಡ್ಲಾ?" ಎಂದರು ಯಜಮಾನರು.

"ಬೇಡ ಸರ್. ಅಂಗೈ ಮಾತ್ರ."

ಆದರೂ ಅಂಗೈ ಚಾಚಿ, ಉಸಿರು ಬಿಗಿಹಿಡಿದು, ಹಲ್ಲು ಬಿಟ್ಟು ನಿಂತರು. ಅಷ್ಟರಲ್ಲಿ ಒಳಗೆ ಮಂಚದ ಮೇಲೆ ಮಲಗಿದ್ದ ಅವರ ತಂದೆ ದಡಬಡ ಎದ್ದು ಬಂದರು. ಮಗ್ಗದ ಸದ್ದಿನಲ್ಲೇ ಮಲಗಿ ರೂಢಿಯಾದವರಿಗೆ ಸದ್ದು ನಿಂತರೆ ಎಚ್ಚರ.

"ಯಾರ್ಲಾ ಹೋಗಿದ್ದು?" ಎಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಕರೆಂಟ್ ಇದ್ದೂ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವೆಂದರೆ ಆ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಲೆಕ್ಕ. ಬಾಗಿಲಿನಲ್ಲಿ ಆಗಲೇ ಜನ ಸೇರಿದ್ದರು. ಗಂಡಸರು ಚಪ್ಪಲಿ ಹೊರಗೆ ಬಿಟ್ಟು ತಲೆ ತಗ್ಗಿಸಿ ನಿಂತಿದ್ದರು. ಒಬ್ಬರು ಆಗಲೇ ಫೋನಿನಲ್ಲಿ ಹಾರಕ್ಕೆ ಹೇಳುತ್ತಿದ್ದರು.

ಯಜಮಾನರು ಅಂಗೈ ಚಾಚಿದಂತೆಯೇ, ನಗು ಹಾಗೇ ಇಟ್ಟುಕೊಂಡು, "ಏನಿಲ್ಲ, ಏನಿಲ್ಲ. ನನ್ನ ಅಂಗೈ" ಎಂದರು.

ಹಿಂದೆ ನಿಂತಿದ್ದ ಮುದುಕಿಗೆ ಅಷ್ಟೇ ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು:

"ಅಯ್ಯೋ ಪಾಪ, ಅಂಗೈಗೆ ಏನಾಗಿತ್ತಂತೆ?"

ಸ್ಕಿನ್

ನನಗೆ ಹೆಣ್ಣು ಹುಡುಕಲು ಅಮ್ಮ ಒಬ್ಬ ಬ್ರೋಕರನ್ನು ಕರೆಸಿದರು. ಅವರು ಹೆಣ್ಣನ್ನೂ ತೋರಿಸುತ್ತಾರೆ, ಸೈಟನ್ನೂ ತೋರಿಸುತ್ತಾರೆ. ಅವರ ಬ್ಯಾಗಿನ ಒಂದು ಖಾನೆಯಲ್ಲಿ ಜಾತಕ, ಇನ್ನೊಂದರಲ್ಲಿ ಪಹಣಿ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಎರಡೂ ವ್ಯವಹಾರ ಒಂದೇ ಬೈಕಿನಲ್ಲಿ ಓಡುತ್ತವೆ.

"ಹುಡುಗ ಏನ್ ಮಾಡ್ತಾನೆ ತಾಯಿ?"

"ಚರ್ಮದ ಫೋಟೋ ತೆಗೀತಾನೆ" ಎಂದರು ಅಮ್ಮ.

ಬ್ರೋಕರ್ ಕಾಫಿ ಲೋಟ ಕೆಳಗಿಟ್ಟರು. "ಇದನ್ನ ಇನ್ನೂ ಯಾರಿಗೂ ಹೇಳಿಲ್ಲ ತಾನೆ?"

"ಯಾಕೆ? ಕದ್ದು ಮಾಡೋ ಕೆಲಸ ಏನಲ್ವಲ್ಲ."

"ಅದಲ್ಲ. ಚರ್ಮ ಅಂದ್ರೆ ಜನ ಅಲ್ಲಿಗೇ ನಿಂತ್ಬಿಡ್ತಾರೆ. ಫೋಟೋ ಅನ್ನೋವರೆಗೂ ಕೇಳಿಸ್ಕೊಳ್ಳಲ್ಲ. ಯಾವ ಜನ ಅಂತ ಶುರು ಮಾಡ್ತಾರೆ."

ನಾನು ಅಲ್ಲೇ ಕೂತಿದ್ದೆ. "ಎಲ್ಲರ ಮೈ ಮೇಲೂ ಇರೋದು ಅದೇ ಅಲ್ವಾ ಸರ್?" ಎಂದೆ.

"ಇರುತ್ತೆ ಗುರು. ಯಾರು ಇಲ್ಲ ಅಂದೋರು?" ಅವರು ನನ್ನ ತೊಡೆ ತಟ್ಟಿದರು. "ಆದ್ರೆ ಮದುವೆ ಮಾತಲ್ಲಿ ಅದಕ್ಕೆ ಸ್ಕಿನ್ ಅಂತಾರೆ."

ಅಂದಿನಿಂದ ನನ್ನ ಪರಿಚಯ ಬದಲಾಯಿತು. "ಹುಡುಗ ಸ್ಕಿನ್ ಲೈನಲ್ಲಿದಾನೆ" ಎಂದಷ್ಟೇ ಅವರು ಹೇಳುತ್ತಿದ್ದರು. ಕೇಳಿದವರು ಅದಕ್ಕೆ ಏನು ಸೇರಿಸಿಕೊಳ್ಳುತ್ತಾರೆ ಎಂದು ನಾನು ಯೋಚಿಸಲಿಲ್ಲ. ಯೋಚಿಸಬೇಕಿತ್ತು. ಅಂದೇ ಅವರ ಮಾತನ್ನು ತಿದ್ದಬೇಕಿತ್ತು. ಅಮ್ಮನ ಮುಖ ಗೆಲುವಾಯಿತು ಎಂದು ಸುಮ್ಮನಾದೆ.

ತಕರಾರಿಲ್ಲದ ಜಾಗ

ದಿನಾ ಕೆಲಸ ಶುರು ಮಾಡುವ ಮೊದಲು ನನ್ನ ಎಡಗೈ ಮಣಿಕಟ್ಟಿನ ಚಿತ್ರ ಒಂದನ್ನು ತೆಗೆಯುತ್ತೇನೆ. ಲೆನ್ಸ್ ಸರಿಯಿದೆಯೇ, ಬೆಳಕು ಸಾಕೇ ಎಂದು ನೋಡಿಕೊಳ್ಳಲು. ಹಾಗಾಗಿ ನನ್ನ ಫೋನಿನಲ್ಲಿ ನನ್ನ ಮುಖದ ಚಿತ್ರ ಅಪರೂಪ, ಮಣಿಕಟ್ಟು ಬೇಕಾದಷ್ಟು.

ಬ್ರೋಕರ್ ಹುಡುಗನ ಫೋಟೋ ಕೇಳಿದರು. ಆಗ ನಾನು ನೆಲಮಂಗಲದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಲಾರಿಗಳ ಮಧ್ಯೆ ಬಸ್ಸು ಒಂದು ಬ್ರೇಕ್ ಹಾಕಿತು. ಹೆಬ್ಬೆರಳು ಪಕ್ಕಕ್ಕೆ ಜಾರಿತು. ನನ್ನ ಮುಖದ ಬದಲು ಮಣಿಕಟ್ಟು ಹೋಯಿತು.

ಬ್ರೋಕರ್ ತೆರೆದು ನೋಡಲಿಲ್ಲ. ಅವರ ಬಳಿ ಎರಡು ವಾಟ್ಸ್ಆ್ಯಪ್ ಗುಂಪುಗಳಿದ್ದವು, ಸೈಟಿನದು ಒಂದು, ಸಂಬಂಧದ್ದು ಒಂದು. ಯಾವುದನ್ನು ಯಾವುದಕ್ಕೆ ಹಾಕಬೇಕೆಂಬ ಗೊಂದಲವೇ ಬೇಡವೆಂದು ಎಲ್ಲವನ್ನೂ ಎರಡಕ್ಕೂ ಹಾಕುತ್ತಿದ್ದರು. ಒಕ್ಕಣೆಯೂ ಎರಡಕ್ಕೂ ಹೊಂದುವಂಥದ್ದು: "ಒಳ್ಳೆ ಕಡೆಯದು. ತಕರಾರಿಲ್ಲ. ಆಸಕ್ತರು ಬೇಗ ತೀರ್ಮಾನ ಮಾಡಿ."

ಅರ್ಧ ಗಂಟೆಯೊಳಗೆ ಉತ್ತರಗಳು ಬಂದವು. ಅವರು ಆಮೇಲೆ ನನಗೆ ಓದಿ ಹೇಳಿದರು.

"ಡ್ರೋನಲ್ಲಿ ತೆಗೆದಿದ್ದಾ? ತುಂಬ ಕ್ಲಿಯರ್ ಇದೆ."

"ದೇವನಹಳ್ಳಿ ಕಡೇದಾ?"

"ಅಲ್ಲಲ್ಲಿ ನೀಲಗಿರಿ ಮರ ಇದೆ. ಕಡಿಸಿ ಕೊಡ್ತೀರಾ?" ಅದು ನನ್ನ ಕೈಯ ರೋಮ.

"ಮಧ್ಯ ಹಾದು ಹೋಗಿರೋದು ರಾಜಕಾಲುವೆ ತಾನೆ? ಹಂಗಿದ್ರೆ ನಮಗೆ ಬೇಡ, ನಾಳೆ ಜೆಸಿಬಿ ಬರುತ್ತೆ." ಅದು ನನ್ನ ನರ.

ಎಲ್ಲರಿಗಿಂತ ಹಟ ಹಿಡಿದವರು ಹೊಸಕೋಟೆಯ ಒಬ್ಬರು. ಬೆಳಿಗ್ಗೆ ಒಂದು, ಸಂಜೆ ಒಂದು ಕಳಿಸುತ್ತಿದ್ದರು. "ಸರ್, ಇದರಲ್ಲಿ ಕಾರ್ನರ್ ಸೈಟ್ ಇದ್ರೆ ನನಗೇ ಇಟ್ಟಿರಿ. ಖಾತೆ ಆಗಿದೆ ತಾನೆ?"

ಬ್ರೋಕರಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ, ಬೇಸರವಾಯಿತು. "ಎಂಥಾ ಡಿಮ್ಯಾಂಡು ಗುರು! ಈ ಜಾಗ ನಿಜವಾಗ್ಲೂ ಇರಬಾರ್ದಿತ್ತಾ?"

ಒಂದೇ ಒಂದು ಉತ್ತರ ಬೇರೆ ಥರ ಇತ್ತು. ಸೂಲಿಬೆಲೆಯ ಒಬ್ಬ ರೈತರ ನಂಬರಿನಿಂದ ಬಂದದ್ದು. ಬರೆದವರು ಅವರ ಮಗಳು.

"ಇದು ಸೈಟ್ ಅಲ್ಲ. ಎಡಗೈ ಮಣಿಕಟ್ಟು. ದಿನಾ ವಾಚ್ ಕಟ್ಟುವವರದು. ಪಟ್ಟಿಯ ಗುರುತು ಇದೆ. ಯಾರದು?"

ನಾನು ಅದನ್ನು ಮತ್ತೆ ಮತ್ತೆ ಓದಿದೆ. ಊರೂರು ಅಲೆದು ಅಷ್ಟು ಚಿತ್ರ ತೆಗೆದಿದ್ದೆ. ತೋರಿಸಿದ ತಕ್ಷಣ ಇದು ಇಂಥದ್ದೇ ಎಂದು ಸರಿಯಾಗಿ ಹೇಳಿದವರು ಅವರೊಬ್ಬರೇ. ಹುಡುಗಿಯೂ ಬಿ.ಎಸ್ಸಿ., ಹೊಸಕೋಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ ಎಂದು ಬ್ರೋಕರ್ ಹೇಳಿದರು.

"ಹೋಗಿ ನೋಡ್ಕೊಂಡು ಬರೋಣ. ಒಪ್ಪೋದು ಬಿಡೋದು ಆಮೇಲೆ" ಎಂದರು ಅಮ್ಮ.

ನಾನು ಆಗಲೇ ಒಪ್ಪಿಬಿಟ್ಟಿದ್ದೆ.

ಬೆಳಕಿಗೆ ಅಡ್ಡ

ಭಾನುವಾರ ಸೂಲಿಬೆಲೆಗೆ ಹೋದೆವು. ಅಮ್ಮ, ನಾನು, ಬ್ರೋಕರ್. ರಸ್ತೆಯುದ್ದಕ್ಕೂ ಅವರನ್ನು ಏನು ಕೇಳಬೇಕೆಂದು ಜೋಡಿಸಿಕೊಂಡೆ. ಮೊದಲು, ಎಡಗೈ ಎಂದು ಹೇಗೆ ತಿಳಿಯಿತು? ಎರಡನೆಯದು, ಮಕ್ಕಳಿಗೆ ಚರ್ಮದ ಪಾಠ ಹೇಗೆ ಮಾಡುತ್ತೀರಿ? ಮೂರನೆಯದು ಸಿಗಲಿಲ್ಲ. ಎರಡು ಸಾಕೆನಿಸಿತು.

ಮನೆಯ ಮುಂದೆ ಹಸುಗಳಿದ್ದವು. ಅವುಗಳ ಪಕ್ಕದಲ್ಲಿ ಜನ ಸಾಲಾಗಿ ನಿಂತಿದ್ದರು. ಹೆಣ್ಣು ನೋಡುವ ದಿನಕ್ಕೆ ಇಷ್ಟು ಜನವೇ ಎಂದುಕೊಂಡೆ. ನಾನು ಇಳಿದ ಕೂಡಲೇ ಯಾರೋ ಒಳಗೆ ಕೂಗಿದರು, "ಸ್ಕಿನ್ ಡಾಕ್ಟ್ರು ಬಂದ್ರು!"

ನಾನು ಬ್ರೋಕರನ್ನು ನೋಡಿದೆ. ಅವರು ಹಸುವನ್ನು ನೋಡಿದರು.

ನಡುಮನೆಯಲ್ಲಿ ಕೂತ ಮೇಲೆ ಹುಡುಗಿಯ ತಂದೆಗೆ ನೇರವಾಗಿ ಹೇಳಿದೆ. "ನಾನು ಡಾಕ್ಟರ್ ಅಲ್ಲ. ಬರೀ ಫೋಟೋ ತೆಗೆಯೋನು."

ತಂದೆ ಕೈ ಮುಗಿದರು. "ನೋಡಿ, ಎಷ್ಟು ಸಿಂಪಲ್ಲು! ದೊಡ್ಡ ಡಾಕ್ಟ್ರುಗಳು ಹಿಂಗೇನೇ, ಹೇಳ್ಕೊಳ್ಳಲ್ಲ" ಎಂದು ತಮ್ಮ ತೋಳು ಮಡಿಸಿ ತೋರಿಸಿದರು. ಅತ್ತೆಯೊಬ್ಬರು ಕುತ್ತಿಗೆ ತೋರಿಸಿದರು. ಪಕ್ಕದ ಮನೆಯವರು ಬೆನ್ನು ತಿರುಗಿಸಿ ಅಂಗಿ ಎತ್ತಿಯೇಬಿಟ್ಟರು. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ, ಆಸ್ಪತ್ರೆಗೆ ತೋರಿಸಿ. ಎಲ್ಲರೂ ಒಂದೇ ಮಾತು ಹೇಳಿದರು, ತೋರಿಸ್ತಿದೀವಲ್ಲ.

ಕೊನೆಗೆ ಹುಡುಗಿಯ ಚಿಕ್ಕಪ್ಪ ಬಂದರು. ಹಾಲಿನ ವ್ಯವಹಾರ ನೋಡಿಕೊಳ್ಳುವವರು, ಹೊತ್ತು ಹುಟ್ಟುವ ಮುಂಚೆಯೇ ಕೊಟ್ಟಿಗೆಯ ನೀರಿನಲ್ಲಿ ನಿಲ್ಲುವವರು. ಪಂಚೆ ಎತ್ತಿ, ಬಲಗಾಲನ್ನು ಟೀಪಾಯಿಯ ಮೇಲೆ, ಕೇಸರಿಬಾತಿನ ತಟ್ಟೆಯ ಪಕ್ಕಕ್ಕೆ ಇಟ್ಟು ಹಿಮ್ಮಡಿ ತಿರುಗಿಸಿದರು.

ಅಂಥ ಹಿಮ್ಮಡಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಅದರಲ್ಲಿ ಬಿರುಕುಗಳು ಕವಲೊಡೆದಿದ್ದವು. ಒಂದು ದೊಡ್ಡ ಬಿರುಕು, ಅದರಿಂದ ಚಿಕ್ಕವು, ಚಿಕ್ಕವುಗಳಿಂದ ಇನ್ನೂ ಚಿಕ್ಕವು. ನೀರು ಬತ್ತಿದ ಕೆರೆಯಂಗಳ ಇದ್ದಂತೆ. ನಾಲ್ಕು ತಾಲ್ಲೂಕಿನಲ್ಲಿ ನಾನು ಹುಡುಕುತ್ತಿದ್ದುದು ಅದೇ.

"ಒಂದು ಚಿತ್ರ ತೆಗೀಲಾ? ನಿಮ್ಮ ಒಪ್ಪಿಗೆ ಬೇಕು" ಎಂದೆ.

"ಕಾಲೇ ತಗೊಂಡೋಗಿ ಡಾಕ್ಟ್ರೇ."

ಲೆನ್ಸ್ ಸಿಕ್ಕಿಸಿದೆ. ನೆಲದ ಮೇಲೆ ಮಂಡಿಯೂರಿದೆ. ಅಮ್ಮ ಕೆಮ್ಮಿದರು. ಆಗ ಅದು ಬರೀ ಕೆಮ್ಮು ಎಂದುಕೊಂಡೆ. ಮೂರು ನಾಲ್ಕು ಚಿತ್ರ ತೆಗೆದಿದ್ದೆ, ಅಷ್ಟರಲ್ಲಿ ಹಿಮ್ಮಡಿಯ ಮೇಲೆ ನೆರಳು ಬಿತ್ತು. ಕಣ್ಣಂಚಿನಲ್ಲಿ ಒಂದು ತಟ್ಟೆ ಕಂಡಿತು, ಕಾಫಿ ಲೋಟಗಳು, ತಟ್ಟೆ ಹಿಡಿದ ಕೈ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಕಲೆ, ಹಳೆಯ ಗಾಯದ್ದು.

ನಾನು ತಲೆ ಎತ್ತದೆ ಹೇಳಿದೆ:

"ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ಬರ್ತಿದೆ."

ನೆರಳು ಸರಿಯಿತು. ಚಿತ್ರ ತುಂಬ ಚೆನ್ನಾಗಿ ಬಂತು. ನಾನು ಎದ್ದು ನಿಂತು ಮಂಡಿ ಒರೆಸಿಕೊಂಡು ನೋಡಿದರೆ ಕಾಫಿ ಲೋಟಗಳು ಟೀಪಾಯಿಯ ಮೇಲಿದ್ದವು. ಹುಡುಗಿ ಒಳಗೆ ಹೋಗಿ ಆಗಿತ್ತು. ಅವರೂ ಆ ದಿನ ಮುಖ ತೊಳೆದುಕೊಂಡೇ ಬಂದಿರಬೇಕು.

ಮಿಕ್ಕಿದ್ದು

ವಾಪಸ್ ಬರುವಾಗ ದೇವನಹಳ್ಳಿಯಲ್ಲಿ ಇಳಿದೆವು. ಅಲ್ಲಿ ಬಸ್ಸು ಬದಲಿಸಿ ಸೀಟು ಹಿಡಿದ ಮೇಲೆ ಅಮ್ಮ ಕೇಳಿದರು.

"ಹುಡುಗಿ ಹೆಂಗಿದ್ಲು?"

"ಎಡಗೈ ಚೆನ್ನಾಗಿದೆ" ಎಂದೆ.

ಅಮ್ಮ ಕಿಟಕಿಯಾಚೆ ನೋಡಿದರು. "ಮಿಕ್ಕಿದ್ದು?" ಎಂದರು.

ಮಿಕ್ಕಿದ್ದನ್ನು ನಾನು ನೋಡಿರಲಿಲ್ಲ.

ಎರಡು ದಿನ ಬಿಟ್ಟು ಬ್ರೋಕರ್ ಬಂದರು. ಬಾಗಿಲಿನಲ್ಲೇ ನಿಂತರು. ಅವರು ಬಾಗಿಲಿನಲ್ಲೇ ನಿಂತರೆ ವ್ಯವಹಾರ ಮುರಿದಿದೆ ಎಂದು ಅರ್ಥ.

"ಮನೆಯವರಿಗೆಲ್ಲ ನೀನು ಅಂದ್ರೆ ಪ್ರಾಣ ಗುರು. ಅವರಪ್ಪ, ಅತ್ತೆ, ಪಕ್ಕದ ಮನೆಯೋರು, ಎಲ್ಲ ಒಪ್ಪಿದಾರೆ. ಹುಡುಗಿ ಒಬ್ಬಳು ಬಿಟ್ಟು."

"ಏನಂದ್ರು?"

"ಹೇಳ್ಬೇಕಾ?"

"ಹೇಳಿ."

ಬ್ರೋಕರ್ ಗಂಟಲು ಸರಿಮಾಡಿಕೊಂಡರು. "ಅಷ್ಟು ಇಷ್ಟ ಆಗಿದ್ರೆ ಚಿಕ್ಕಪ್ಪನ ಹಿಮ್ಮಡಿಗೇ ತಾಳಿ ಕಟ್ಟಲಿ, ಅಂದ್ಲಂತೆ."

ಅಮ್ಮ ನಕ್ಕರು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಾನೂ ನಕ್ಕೆ. ಅಂಥ ಮಾತು ಆಡಬಲ್ಲವರನ್ನು ಕಳೆದುಕೊಂಡೆನಲ್ಲ ಎನಿಸಿದ್ದು ನಗು ನಿಂತ ಮೇಲೆ.

ಆ ರಾತ್ರಿ ಹುಡುಗಿಗೆ ಒಂದು ಮೆಸೇಜ್ ಬರೆದೆ. ಬರೆದು ಅಳಿಸಿ, ಕೊನೆಗೆ ಮೂರು ವಾಕ್ಯ ಉಳಿಸಿಕೊಂಡೆ. "ಆ ದಿನ ನಾನು ತಲೆ ಎತ್ತಲಿಲ್ಲ. ತಪ್ಪಾಯಿತು. ಇನ್ನೊಂದು ಸಲ ಬರಲು ಅವಕಾಶ ಇದೆಯೇ?" ಅವರ ನಂಬರ್ ನನ್ನ ಬಳಿ ಇರಲಿಲ್ಲ. ಇದ್ದದ್ದು ತಂದೆಯ ನಂಬರ್, ಮಣಿಕಟ್ಟನ್ನು ಗುರುತಿಸಿ ಬರೆದದ್ದೂ ಅದರಿಂದಲೇ ತಾನೆ. ಹುಡುಗಿಯೇ ನೋಡುತ್ತಾರೆ ಎಂಬ ಆಸೆಯಲ್ಲಿ ಕಳಿಸಿದೆ.

ಬೆಳಿಗ್ಗೆ ಎದ್ದಾಗ ಉತ್ತರ ಬಂದಿತ್ತು. ಹಾಸಿಗೆಯಲ್ಲೇ ತೆರೆದೆ.

ಒಂದು ಹಸುವಿನ ಹೊಟ್ಟೆಯ ಫೋಟೋ. ಕೆಳಗೆ ತಂದೆಯ ಬರಹ: "ಅವಕಾಶ ಯಾಕ್ ಕೇಳ್ತೀರಾ ಡಾಕ್ಟ್ರೇ, ಬನ್ನಿ. ಇವಳಿಗೂ ಅಲ್ಲಲ್ಲಿ ಕೂದಲು ಉದುರ್ತಿದೆ."

ದನದ ಡಾಕ್ಟರಿಗೆ ತೋರಿಸಿ ಎಂದು ಬರೆದೆ. ಆಮೇಲೆ ವಾರವಿಡೀ ಹಸುವಿನ ಚಿತ್ರಗಳು ಬಂದವು, ಎಡದಿಂದ, ಬಲದಿಂದ, ಹಿಂದಿನಿಂದ. ಆ ಹಸುವನ್ನು ನಾನು ಇವತ್ತಿಗೂ ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲೆ.

ಕಾರ್ನರ್ ಸೈಟು

ಕೆಲವು ತಿಂಗಳು ಕಳೆದವು. ಒಂದು ದಿನ ಹುಡುಗಿಯ ಚಿಕ್ಕಪ್ಪನವರು ನಮ್ಮ ಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಲಗ್ನಪತ್ರಿಕೆ. ಕೂರುವ ಮೊದಲೇ ಚಪ್ಪಲಿ ಬಿಟ್ಟು ಹಿಮ್ಮಡಿ ತೋರಿಸಿದರು. ಬಿರುಕು ಬಹುಮಟ್ಟಿಗೆ ಹೋಗಿತ್ತು.

"ಆಸ್ಪತ್ರೆಗೆ ತೋರಿಸಿ ಅಂದ್ರಲ್ಲ, ತೋರಿಸ್ದೆ. ಮುಲಾಮು ಕೊಟ್ರು, ಕೊಟ್ಟಿಗೇಲಿ ಬೂಟು ಹಾಕ್ಕೊಳ್ಳಿ ಅಂದ್ರು. ಎಲ್ಲ ನಿಮ್ಮ ಕೈಗುಣ. ಮದುವೆಗೆ ನೀವು ಬರ್ಲೇಬೇಕು."

ಪತ್ರಿಕೆಯಲ್ಲಿ ವಧುವಿನ ಹೆಸರು ನೋಡಿದೆ. ವರನ ಹೆಸರು ನೋಡಲಿಲ್ಲ. ಹೋಗಬಾರದೆಂದುಕೊಂಡೆ, ಹೋದೆ.

ಹೊಸಕೋಟೆಯ ಒಂದು ಕಲ್ಯಾಣ ಮಂಟಪ. ವೇದಿಕೆಗೆ ಹೋಗುವ ಸಾಲಿನಲ್ಲಿ ಬ್ರೋಕರ್ ನನ್ನ ಮುಂದೆಯೇ ಇದ್ದರು. ನನ್ನನ್ನು ಕಂಡು ಮುಜುಗರಪಟ್ಟು, ಆಮೇಲೆ ತಡೆಯಲಾರದೆ ಹೇಳಿದರು.

"ಹುಡುಗ ಯಾರು ಗೊತ್ತಾ? ಕಾರ್ನರ್ ಸೈಟು."

"ಯಾವ ಕಾರ್ನರ್ ಸೈಟು?"

"ನಿನ್ನ ಕೈ ನೋಡಿ ಬೆಳಿಗ್ಗೆ ಸಂಜೆ ಮೆಸೇಜ್ ಹಾಕ್ತಿದ್ರಲ್ಲ, ಅವ್ರೇ ಕಣೋ. ಬಿಡ್ಲೇ ಇಲ್ಲ. ಕೊನೆಗೆ ಆ ಸೈಟು ಹೋಯ್ತು ಸರ್, ಒಂದು ಒಳ್ಳೆ ಸಂಬಂಧ ಇದೆ ನೋಡ್ತೀರಾ ಅಂದೆ. ನೋಡಿದ್ರು. ಒಪ್ಪಿದ್ರು." ನನ್ನ ಕಿವಿಯ ಹತ್ತಿರ ಬಗ್ಗಿ, "ಆ ಮನುಷ್ಯ ಮುಖ ನೋಡಿದ್ರು ಗುರು" ಎಂದರು.

ಸಾಲು ಮುಂದೆ ಸರಿಯಿತು. ಚಿಕ್ಕಪ್ಪನವರು ವೇದಿಕೆಯ ಮೇಲೇ ಇದ್ದರು. ನನ್ನನ್ನು ಕಂಡದ್ದೇ ಕೈಹಿಡಿದು ಎಳೆದುಕೊಂಡು ಹೋಗಿ ವಧೂವರರ ಎದುರು ನಿಲ್ಲಿಸಿದರು. "ಇವ್ರೇ ನಮ್ಮ ಸ್ಕಿನ್ ಡಾಕ್ಟ್ರು."

ನನ್ನ ಕಣ್ಣು ಅಭ್ಯಾಸದಂತೆ ಕೆಳಗೇ ಹೋಯಿತು. ಮೆಹಂದಿ ಹಾಕಿದ ಕೈ. ಹೆಬ್ಬೆರಳಿನ ಬುಡದಲ್ಲಿ ಅಕ್ಕಿಕಾಳು. ಅಲ್ಲಿ ಮೆಹಂದಿ ಹತ್ತಿರಲಿಲ್ಲ.

"ನಿಮ್ಮ ಎಡಗೈ ಹೇಗಿದೆ?" ಎಂದಿತು ಮೇಲಿನಿಂದ ಒಂದು ದನಿ.

ನಾನು ತಲೆ ಎತ್ತಿದೆ.

ಅವರ ಮುಖವನ್ನು ಮೊದಲ ಸಲ ನೋಡಿದ್ದು ಆಗಲೇ. ಚೆನ್ನಾಗಿತ್ತು. ಅದಕ್ಕಿಂತ ವಿವರವಾಗಿ ಹೇಳಲು ನನಗೆ ಅಭ್ಯಾಸವಿಲ್ಲ.

"ಚೆನ್ನಾಗಿದೆ" ಎಂದೆ. "ನಾನೊಂದು ಮೆಸೇಜ್..."

"ನೋಡಿದೆ" ಎಂದರು, ಮೆಲ್ಲಗೆ. "ಹಸುವಿನ ಫೋಟೋಗಳ ಮೇಲ್ಗಡೆ ಎಲ್ಲೋ ಇತ್ತು. ನನ್ನ ಕಣ್ಣಿಗೆ ಬೀಳೋ ಹೊತ್ತಿಗೆ ಹಸುಗೆ ವಾಸಿಯಾಗಿತ್ತು, ನನಗೆ ನಿಶ್ಚಯ ಆಗಿತ್ತು."

ವರನಿಗೆ ಮೊದಲ ಮಾತು ಮಾತ್ರ ಕೇಳಿಸಿತ್ತು. ಒಳ್ಳೆಯ ಮನುಷ್ಯ, ಕಳವಳದಿಂದ ಬಗ್ಗಿ ಕೇಳಿದರು. "ಎಡಗೈಗೆ ಏನಾಗಿತ್ತು ಸರ್?"

ವಧುವೇ ಹೇಳಿದರು.

"ಏನಾಗಿಲ್ಲ ರೀ. ನೀವು ಕೊಂಡ್ಕೋಬೇಕು ಅಂತಿದ್ರಲ್ಲ, ಆ ಸೈಟು ಇವರ ಎಡಗೈ."

ವರ ನನ್ನ ಮಣಿಕಟ್ಟನ್ನು ಕೈಯಲ್ಲಿ ಹಿಡಿದುಕೊಂಡರು. ವಾ‌ಚ್ ಮೇಲಕ್ಕೆ ಸರಿಸಿದರು. ತಿರುಗಿಸಿ ನೋಡಿದರು. ಹಿಂದೆ ಸಾಲು ನಿಂತಿತ್ತು, ಓಲಗದವರು ನಿಲ್ಲಿಸಿ ನೋಡುತ್ತಿದ್ದರು.

"ಇದಾ?" ಎಂದರು ಕೊನೆಗೆ, ನಿಜವಾಗಿಯೂ ನೊಂದುಕೊಂಡು. "ನೀಲಗಿರಿ ಕಡಿಸೋಕೆ ಆಳು ಬೇರೆ ಹೇಳಿದ್ದೆ ಸರ್!"

ವಧು ನಕ್ಕರು. ಬಾಸಿಂಗ ಅಲುಗಾಡುವಷ್ಟು ನಕ್ಕರು. ಕಣ್ಣಿನಲ್ಲಿ ನೀರು ಬಂತು, ಕಾಡಿಗೆ ಇಳಿಯಿತು, ಅವರ ತಾಯಿ ಓಡಿ ಬಂದು ಸೆರಗಿನಿಂದ ಒತ್ತಿದರು. ವರನೂ ನಕ್ಕರು. ನಾನೂ ನಕ್ಕೆ.

"ತೆಗೀರಿ ಡಾಕ್ಟ್ರೇ, ಒಂದು ಫೋಟೋ ತೆಗೀರಿ, ಹಿಂಗೇ ನಗ್ತಿರೋದು!" ಎಂದು ಚಿಕ್ಕಪ್ಪ ಕೂಗಿದರು.

ನಿಯಮ ಬದಿಗಿಟ್ಟು ಫೋನ್ ತೆಗೆದೆ. ಕೈ ಸ್ವಲ್ಪವೂ ನಡುಗಲಿಲ್ಲ. ವಧು ನನ್ನ ಕಡೆ ನೇರವಾಗಿ ನೋಡಿದರು. ಒತ್ತಿದೆ. ಅಷ್ಟರಲ್ಲಿ ಹಿಂದಿನವರು ತಳ್ಳಿದರು, ವೇದಿಕೆಯಿಂದ ಇಳಿದೆ.

ಊಟದ ಮನೆಯ ಬಾಗಿಲಿನಲ್ಲಿ ನಿಂತು ತೆರೆದು ನೋಡಿದೆ. ಕೆಂಪು ಮಸುಕು, ಹಳದಿ ಮಸುಕು, ಅವುಗಳ ಮಧ್ಯೆ ಮುಖ ಇರಬೇಕಾದಲ್ಲಿ ತಿಳಿ ಕಂದು ಮಸುಕು. ಬೆಳಿಗ್ಗೆ ಮಣಿಕಟ್ಟಿನ ಚಿತ್ರ ತೆಗೆದು, ಲೆನ್ಸ್ ಕಳಚುವುದನ್ನು ಮರೆತಿದ್ದೆ.

ಚಿಕ್ಕಪ್ಪನವರು ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಬೆರಳಿನಿಂದ ಪಕ್ಕಕ್ಕೆ ಸರಿಸಿ ಸರಿಸಿ ಹಿಂದಕ್ಕೆ ಹೋದರು, ತಿಂಗಳುಗಳ ಮಣಿಕಟ್ಟುಗಳನ್ನೆಲ್ಲ ದಾಟಿ, ಹಸುವನ್ನು ದಾಟಿ, ಆ ಭಾನುವಾರಕ್ಕೆ. ಅಲ್ಲಿ ನಿಂತರು. ಪರದೆಯ ತುಂಬ ಅವರ ಹಿಮ್ಮಡಿ, ಒಂದೊಂದು ಬಿರುಕೂ ಎಣಿಸುವಂತೆ.

"ನೋಡಿ ಡಾಕ್ಟ್ರೇ," ಎಂದರು, ನನ್ನ ಬೆನ್ನು ಸವರುತ್ತ. "ಬೇಜಾರು ಮಾಡ್ಕೋಬೇಡಿ. ಎಲ್ಲರ ಮುಖದಲ್ಲೂ ಈ ಕಳೆ ಬರಲ್ಲ."